ಲ್ಯಾಕ್ ಸೂಲ್‌ನಲ್ಲಿ ವಾಲೈ ಮೀನು: ಮೊದಲ ಸಲ ಹೋಗುವವರಿಗೆ ಏನು ಹೇಳ್ತೀರಿ?

ಪ್ರಶ್ನೆ: ಜುಲೈ ಮೂರನೇ ವಾರ ವಿನ್ನಿಪೆಗ್‌ನಿಂದ ನಾಲ್ಕು ಜನ ಒಂಟಾರಿಯೊದ ಇಯರ್ ಫಾಲ್ಸ್ ಹತ್ತಿರ ಲ್ಯಾಕ್ ಸೂಲ್ ಸರೋವರಕ್ಕೆ ವಾಲೈ (walleye, ಬೇರೆ ಮೀನು ತಿನ್ನುವ ಸಿಹಿನೀರಿನ ಮೀನು) ಹಿಡಿಯಲು ಹೊರಟಿದ್ದೇವೆ. ಐದು ದಿನ. ಎರಡು ಬಾಡಿಗೆ ದೋಣಿ, 20 ಎಚ್‌ಪಿ ಟಿಲ್ಲರ್ ಮೋಟರ್ (ಹಿಡಿಕೆ ಹಿಡಿದು ತಿರುಗಿಸುವಂಥದ್ದು), ಒಂದೊಂದರಲ್ಲೂ ಚಿಕ್ಕ ಸೋನಾರ್ (ನೀರಿನ ಆಳ, ಮೀನು ತೋರಿಸುವ ಯಂತ್ರ). ಊರಲ್ಲಿ ಕೆರೆ ದಂಡೆ ಮೇಲೆ ಕೂತು ಹಿಟ್ಟಿನ ಉಂಡೆಗೆ ಕಾಟ್ಲಾ, ರೋಹು ಹಿಡಿದ ಅಭ್ಯಾಸ ಅಷ್ಟೇ. ಇಷ್ಟು ದೊಡ್ಡ ನೀರಲ್ಲಿ ಎಲ್ಲಿಂದ ಶುರು ಮಾಡೋದು? ಎರೆ, ಗಾಳ ಏನೇನು ಬೇಕು?

ಉತ್ತರ 1

ಎರೆಯ ಚಿಂತೆ ಆಮೇಲೆ, ಮೊದಲು ಜಾಗ. ಒಂದೇ ಕಡೆ ಕೂತು ಮೀನು ಬರಲಿ ಅಂತ ಕಾಯುವುದು ಇಲ್ಲಿ ನಡೆಯುವುದಿಲ್ಲ. ಹೋಗುವ ಮುಂಚೆಯೇ ಆಳದ ನಕ್ಷೆ ತೆರೆದು, ನಿಮ್ಮ ಕ್ಯಾಬಿನ್‌ನಿಂದ ಐದಾರು ಕಿಲೋಮೀಟರ್ ಒಳಗೆ ಹತ್ತು ಜಾಗ ಗುರುತು ಹಾಕಿಕೊಳ್ಳಿ: ನೀರೊಳಗೆ ಚಾಚಿದ ನೆಲದ ಮೂಗು, ಎರಡು ದ್ವೀಪಗಳ ನಡುವಿನ ತಗ್ಗು, ನೀರು ಎಳೆಯುವ ಇಕ್ಕಟ್ಟು, ಸುತ್ತ ಆಳವಿದ್ದು ನಡುವೆ 10–12 ಅಡಿಗೆ ಎದ್ದ ಬಂಡೆ ದಿಬ್ಬ. ಇಡೀ ಸರೋವರ ನೋಡುವ ಆಸೆ ಬೇಡ, ಪೆಟ್ರೋಲ್ ಖರ್ಚಾಗುತ್ತೆ ಅಷ್ಟೇ.

ಮೇ ಕೊನೆಯಲ್ಲಾದರೆ ತೊರೆ ಸೇರುವ ಕೊಲ್ಲಿಗಳಲ್ಲಿ 5–8 ಅಡಿಯಲ್ಲೇ ಸಿಗುತ್ತೆ. ಜುಲೈ ಮಧ್ಯಕ್ಕೆ ಮೀನು ನಡುನೀರಿನ ದಿಬ್ಬಗಳಿಗೆ ಸರಿದಿರುತ್ತೆ. 15 ಅಡಿಯಿಂದ ಶುರು ಮಾಡಿ, 12ಕ್ಕೆ ಏರಿ ನೋಡಿ, 22ಕ್ಕೆ ಇಳಿದು ನೋಡಿ. ಒಂದು ಜಾಗಕ್ಕೆ 15–20 ನಿಮಿಷ, ಕಚ್ಚದಿದ್ದರೆ ಮುಂದಕ್ಕೆ. ಎರಡು ಮೀನು ಬಂತೋ, ಸೋನಾರ್‌ನಲ್ಲಿ ಆಳ ಬರೆದಿಟ್ಟುಕೊಳ್ಳಿ. ಆ ದಿನ ಬೇರೆ ದಿಬ್ಬದಲ್ಲೂ ಅದೇ ಆಳಕ್ಕೆ ಸಿಗುವ ಸಂಭವ ಜಾಸ್ತಿ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರಿಸ್ತೀನ್ರಿ: ಗಾಳಿ. ವಾಲೈ ಕಣ್ಣಿನ ಹಿಂದ ಬೆಳಕ ತಿರುಗಿಸೋ ಪದರ ಐತಿ, ಬೆಕ್ಕಿನ ಕಣ್ಣಿನ್ಹಂಗ. ಮಬ್ಬಿನ್ಯಾಗ ಅದಕ್ಕ ಕಾಣ್ತದ, ಸಣ್ಣ ಮೀನಿಗೆ ಕಾಣೂದಿಲ್ಲ. ಅದಕ್ಕ ಬೇಟೆ ಹೊತ್ತು ಮುಂಜಾನೆ, ಸಂಜಿ. ಆದ್ರ ಅಲೆ ಎದ್ದಾಗ ಬೆಳಕು ಒಡದು ಮಧ್ಯಾಹ್ನನೂ ಮಬ್ಬಾಗ್ತದ, ಸಣ್ಣ ಮೀನೂ ಗಾಳಿ ಬಡಿಯೋ ದಂಡಿಗೆ ಬಂದು ಸೇರ್ತಾವ. ಹೊಸಬರು ಗಾಳಿ ಇಲ್ಲದ ಮರೆ ಜಾಗ ಹುಡುಕಿ ನಿಲ್ತಾರ, ಮೀನು ಆ ಕಡಿ ದಂಡ್ಯಾಗ ಇರ್ತದ. ಒಂದಡಿ ಅಲಿ ಇದ್ರ ಭೇಷ್; ಬಿಳಿ ನೊರಿ ಎದ್ರ ಮಾತ್ರ ಬ್ಯಾಡ್ರಿ, 16 ಅಡಿ ದೋಣಿಗೆ ಅದು ಆಟ ಅಲ್ಲ. ಅಲ್ಲಿ ಜುಲೈದಾಗ ಹೊತ್ತು ಮುಳುಗೂದು ಒಂಬತ್ತು ದಾಟಿದ ಮ್ಯಾಲ. ರಾತ್ರಿ ಊಟ ಮೊದ್ಲ ಮುಗಿಸಿ ಹೋಗ್ರಿ.

ಉತ್ತರ 3

ಸಾಮಾನು: ಆರೂವರೆ–ಏಳು ಅಡಿಯ ಮೀಡಿಯಂ-ಲೈಟ್ ಸ್ಪಿನ್ನಿಂಗ್ ರಾಡ್, 2500 ಅಳತೆಯ ರೀಲ್, 10 ಪೌಂಡ್ ಬ್ರೇಡ್ (ಹೆಣೆದ) ದಾರ, ತುದಿಗೆ ಮೂರಡಿ 8 ಪೌಂಡ್ ಫ್ಲೋರೋಕಾರ್ಬನ್ (ನೀರಲ್ಲಿ ಅಷ್ಟಾಗಿ ಕಾಣದ ದಾರ). ಹರಿತ ಹಲ್ಲಿನ ಪೈಕ್ ಮೀನು ಆಗಾಗ ದಾರ ಕತ್ತರಿಸುತ್ತೆ, ಕತ್ತರಿಸಲಿ. ಸ್ಟೀಲ್ ಲೀಡರ್ (ಗಾಳದ ಮುಂದಿನ ಉಕ್ಕಿನ ತಂತಿ) ಹಾಕಿದರೆ ವಾಲೈ ಕಚ್ಚೋದು ಕಡಿಮೆಯಾಗುತ್ತೆ. ಅದರ ಬದಲು ಜಿಗ್ (ತಲೆಗೆ ಭಾರ ಕೂಡಿಸಿದ ಗಾಳ) ಹೆಚ್ಚು ಒಯ್ಯಿರಿ, ಬಂಡೆಗೇ ದಿನಕ್ಕೆ ಹತ್ತು ಹೋಗಬಹುದು.

ಜಿಗ್ ತೂಕ: 10 ಅಡಿ ಒಳಗೆ 3.5 ಗ್ರಾಂ, 20 ಅಡಿವರೆಗೆ 7 ಗ್ರಾಂ, ಗಾಳಿ ಇದ್ದರೆ 10 ಗ್ರಾಂ. ನೆಲ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಭಾರ ಸಾಕು. ಅದಕ್ಕಿಂತ ಭಾರವಾದರೆ ಮೀನು ಬಾಯಿಗೆಳೆದುಕೊಂಡದ್ದನ್ನು ಉಗುಳಿಬಿಡುತ್ತೆ. ನೀರು ಚಹಾ ಬಣ್ಣ, ಹಾಗಾಗಿ ಗಿಳಿಹಸಿರು, ಕಿತ್ತಳೆ, ಗುಲಾಬಿ, ಬಂಗಾರದ ಬಣ್ಣ.

ಜಿಗ್ ನೆಲ ಮುಟ್ಟಿದ ಮೇಲೆ ಗೇಣುದ್ದ ಎತ್ತಿ, ದಾರ ಬಿಗಿಯಾಗಿಯೇ ಇರುವಂತೆ ನಿಧಾನ ಇಳಿಸಿ. ಕಚ್ಚುವುದು ಇಳಿಯುವಾಗಲೇ. ಎಳೆತ ಬರುತ್ತೆ ಅಂತ ಕಾಯಬೇಡಿ: ಒಂದು ಸಣ್ಣ 'ಟಿಕ್', ಇಲ್ಲವೇ ಒದ್ದೆ ಬಟ್ಟೆ ಸಿಕ್ಕಿಕೊಂಡಂಥ ಭಾರ. ದಾರ ಸಡಿಲ ಬಿಟ್ಟವರಿಗೆ ಇದು ಗೊತ್ತಾಗುವುದೇ ಇಲ್ಲ.

ಉತ್ತರ 4

ಜುಲೈಗೆ ಜಿಗಣೆ, ಎರೆಹುಳು ಎರಡೂ ಸಾಕು. ಜಿಗ್‌ನ ಗಾಳವನ್ನು ಜಿಗಣೆಯ ಅಗಲ ತುದಿಗೆ ಒಂದೇ ಸಲ ಚುಚ್ಚಿ, ಈಜಾಡಲು ಬಿಡಿ. ಉಂಡೆಯಾಗಿ ಸುತ್ತಿಕೊಂಡರೆ ನೀರು ತಣ್ಣಗಿದೆ ಅಥವಾ ಜಿಗಣೆ ಸತ್ತಿದೆ, ಬದಲಿಸಿ. ಡಬ್ಬಿ ಐಸ್‌ಪೆಟ್ಟಿಗೆಯಲ್ಲಿರಲಿ, ನೀರು ದಿನಾ ಬದಲಾಗಲಿ.

ಮುಖ್ಯ ಎಚ್ಚರ: ವಿನ್ನಿಪೆಗ್‌ನಲ್ಲಿ ಕೊಂಡು ಹೋಗಬೇಡಿ. ಎರೆಗೆಂದು ಜಿಗಣೆ, ಜೀವಂತ ಮೀನು ಹೊರಗಿನಿಂದ ಒಂಟಾರಿಯೊಗೆ ತರುವುದು ಕಾನೂನುಬಾಹಿರ. ಇಯರ್ ಫಾಲ್ಸ್ ಕಡೆಯೇ ಕೊಂಡು ರಸೀದಿ ಜೇಬಲ್ಲಿಡಿ. ಎರೆಯ ಬಕೆಟ್ಟಿನ ನೀರನ್ನೂ ಸರೋವರಕ್ಕಾಗಲಿ, ಅದರಿಂದ 30 ಮೀಟರ್ ಒಳಗಾಗಲಿ ಚೆಲ್ಲುವಂತಿಲ್ಲ.

ಉತ್ತರ 5

ಜಿಗ್ ಒಳ್ಳೇದೇ, ಆದರೆ ಮೀನು ಎಲ್ಲಿದೆ ಅಂತಲೇ ಗೊತ್ತಿಲ್ಲದವರಿಗೆ ಮೊದಲ ದಿನ ಬಾಟಮ್ ಬೌನ್ಸರ್ ಹೆಚ್ಚು ಉಪಯೋಗ ಅಂತ ನನ್ನ ವಾದ. ತಂತಿಯ ಕಾಲಿರುವ ಸೀಸದ ಭಾರ, ಹಿಂದೆ ನಾಲ್ಕಡಿ ದಾರ, ತಿರುಗುವ ತಗಡು, ಎರಡು ಗಾಳಕ್ಕೆ ಉದ್ದಕ್ಕೆ ಏರಿಸಿದ ಎರೆಹುಳು. ಹತ್ತಡಿ ಆಳಕ್ಕೆ ಒಂದು ಔನ್ಸ್ ಲೆಕ್ಕ. ದೋಣಿಯ ವೇಗ ಗಂಟೆಗೆ ಒಂದೂವರೆಯಿಂದ ಎರಡು ಕಿ.ಮೀ. ದಾರ ನೀರಿಗೆ 45 ಡಿಗ್ರಿಯಲ್ಲಿರಬೇಕು. ಅದಕ್ಕಿಂತ ಹಿಂದೆ ಹೋದರೆ ಭಾರ ಮಗುಚಿ ಬಂಡೆ ಸಂದಿಗೆ ಬೀಳುತ್ತೆ. ಕಚ್ಚಿದಾಗ ಜಗ್ಗಬೇಡಿ, ರಾಡನ್ನು ಹಿಂದಕ್ಕೆ ಬಾಗಲು ಬಿಟ್ಟು, ಭಾರ ತುಂಬಿದ ಮೇಲೆ ಮುಂದಕ್ಕೆ ತನ್ನಿ. ಸ್ವಿವೆಲ್ (ತಿರುಗುವ ಕೊಂಡಿ) ಮರೆತರೆ ಅರ್ಧ ಗಂಟೆಯಲ್ಲಿ ದಾರ ಹುರಿಗಟ್ಟುತ್ತೆ.

ಸಿಕ್ಕಿಕೊಂಡ ಜಿಗ್ಗನ್ನು ಬಂದ ದಿಕ್ಕಿಗೇ ಎಳೆಯಬೇಡಿ. ದೋಣಿಯನ್ನು ಆಚೆ ಬದಿಗೆ ತಂದು ಅಲುಗಿಸಿದರೆ ಹೆಚ್ಚಿನವು ಬಿಡುತ್ತವೆ.

ಉತ್ತರ 6

ಲೈಸೆನ್ಸ್: ವಿನ್ನಿಪೆಗ್ ಇರುವ ಮ್ಯಾನಿಟೋಬಾದ್ದು ಇಲ್ಲಿ ನಡೆಯಲ್ಲ. ಔಟ್‌ಡೋರ್ಸ್ ಕಾರ್ಡ್ (ಒಂಟಾರಿಯೊದ ಗುರುತುಚೀಟಿ) ಜೊತೆಗೆ ಒಂಟಾರಿಯೊ ಲೈಸೆನ್ಸ್ ಬೇಕು. ಒಬ್ಬರು ಇಟ್ಟುಕೊಳ್ಳಬಹುದಾದದ್ದು ಸ್ಪೋರ್ಟ್ ಲೈಸೆನ್ಸಿಗೆ ನಾಲ್ಕು ವಾಲೈ, ಕಡಿಮೆ ಮೀನಿನ ಕನ್ಸರ್ವೇಶನ್ ಲೈಸೆನ್ಸಿಗೆ ಎರಡು. ವಾಲೈಗೆ ಹತ್ತಿರದ ಜಾತಿಯಾದ ಸಾಗರ್ (sauger) ಮೀನೂ ಇದೇ ಲೆಕ್ಕಕ್ಕೆ. ಲ್ಯಾಕ್ ಸೂಲ್‌ಗೆ ಪ್ರತ್ಯೇಕ ನಿಯಮವಿದೆ: 46ರಿಂದ 53 ಸೆಂ.ಮೀ. ನಡುವಿನದನ್ನು ನೀರಿಗೆ ಬಿಡಲೇಬೇಕು, 53 ದಾಟಿದ್ದು ಒಂದು ಮಾತ್ರ. ಹೊರಡುವ ಮುಂಚೆ ಒಂಟಾರಿಯೊದ ಮೀನುಗಾರಿಕೆ ವಲಯ 4ರ (ಲ್ಯಾಕ್ ಸೂಲ್ ಇರುವ ವಲಯ) ಆ ವರ್ಷದ ನಿಯಮಪಟ್ಟಿ ನೋಡಿ. ದೋಣಿಯಲ್ಲಿ ಅಳತೆಪಟ್ಟಿ ಇರಲಿ.

ಇದು ಅಣೆಕಟ್ಟಿನ ನೀರು, ಮಟ್ಟ ಏರಿಳಿಯುತ್ತೆ. ನೀರಡಿಯ ಬಂಡೆ, ಮರದ ಬೊಡ್ಡೆ ನಕ್ಷೆಯಲ್ಲಿರದೇ ಇರಬಹುದು. ಗೊತ್ತಿಲ್ಲದ ಕಡೆ ನಿಧಾನ, ಒಬ್ಬರು ಮುಂದೆ ನೋಡ್ತಾ ಕೂರಲಿ. ಲೈಫ್ ಜಾಕೆಟ್ ಮೈಮೇಲಿರಲಿ.

ಉತ್ತರ 7

30 ಅಡಿಗಿಂತ ಆಳದಲ್ಲಿ ಹಿಡಿದು ಬಿಡುವ ಆಟ ಬೇಡ. ಮೇಲೆ ಬರುವಷ್ಟರಲ್ಲಿ ಗಾಳಿಚೀಲ ಉಬ್ಬಿ, ಬಿಟ್ಟರೂ ಬದುಕುವುದು ಅನುಮಾನ. ಬಾಯೊಳಗೆ ಬೆರಳಿಡಬೇಡಿ, ಹಲ್ಲು ಸೂಜಿ; ಕಿವಿರಿನ ಮುಚ್ಚಳದ ಅಂಚೂ ಕೊಯ್ಯುತ್ತೆ. ಒದ್ದೆ ಕೈಯಲ್ಲಿ ಹೊಟ್ಟೆ ಕೆಳಗೆ ಹಿಡಿಯಿರಿ.

ತಿನ್ನಲು 35–45 ಸೆಂ.ಮೀ.ದೇ ರುಚಿ, ದೊಡ್ಡದರಲ್ಲಿ ಪಾದರಸವೂ ಜಾಸ್ತಿ. ಮನೆಗೆ ಒಯ್ಯುವ ತುಂಡುಗಳಲ್ಲಿ ಚರ್ಮದ ದೊಡ್ಡ ತೇಪೆ ಹಾಗೇ ಉಳಿಸಿ, ಯಾವ ಮೀನೆಂದು ಅಧಿಕಾರಿಗೆ ತಿಳಿಯಬೇಕು. ಎಷ್ಟು ಮೀನು ಅಂತ ಎಣಿಸಲೂ ಬರಬೇಕು, ಹಾಗಾಗಿ ಒಂದೇ ಗಡ್ಡೆಯಾಗಿ ಫ್ರೀಜ್ ಮಾಡಬೇಡಿ. ಅಲ್ಲೇ ಕರಿಯುವುದಾದರೆ ಚಿರೋಟಿ ರವೆ, ಖಾರದ ಪುಡಿ, ನಿಂಬೆ ಒಯ್ಯಿರಿ. ಮಾಂಸ ತೆಳು, ಬಂಗುಡೆಯಷ್ಟು ಹೊತ್ತು ಬಾಣಲೆಯಲ್ಲಿಟ್ಟರೆ ಒಣಗಿಹೋಗುತ್ತೆ. ಒಂದೊಂದು ಬದಿಗೆ ಎರಡು ನಿಮಿಷ.