ಪದಚರ್ಚೆ: ತೂಕ ಇಳಿದ ಮೇಲೆ ಜೋತುಬೀಳುವ ತೊಗಲಿಗೆ, ಅದನ್ನು ತೆಗೆಸುವ ಆಪರೇಷನ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಎರಡು. ಸ್ವಲ್ಪ ಉದ್ದ ಬರೆಯುತ್ತೇನೆ. ಹಿಂದಿನ ಕತೆ ಗೊತ್ತಿಲ್ಲದೆ ಹುಡುಕಿದರೆ ನಿಘಂಟಿನ ಪದ ಸಿಕ್ಕೀತು, ಮನೆಯಲ್ಲಿ ಆಡುವ ಪದ ಸಿಗುವುದಿಲ್ಲ.

ನಾನು ಮಂಡ್ಯದ ಹತ್ತಿರದ ಹಳ್ಳಿಯವಳು. ಮನೆ, ಕೆಲಸ ಎರಡೂ ಮೈಸೂರಿನಲ್ಲಿ. ಎರಡು ವರ್ಷದ ಹಿಂದೆ ನನ್ನ ತೂಕ 121 ಕಿಲೋ ಇತ್ತು. ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಉಸಿರು ಕಟ್ಟುವುದು. ಆಗ ಜಠರ ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಉದ್ದನೆಯ ಕೊಳವೆ ಮಾಡಿ ಬಿಡುತ್ತಾರೆ. ಆಮೇಲೆ ಅಳೆದು ತಿಂದೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿದೆ. ಈಗ 68 ಕಿಲೋ. ಏಳು ತಿಂಗಳಿಂದ ಅಲ್ಲೇ ನಿಂತಿದೆ.

ಕೊಬ್ಬು ಕರಗಿತು, ಅದನ್ನು ಮುಚ್ಚಿಕೊಂಡಿದ್ದ ಚರ್ಮ ಹಾಗೇ ಉಳಿಯಿತು. ಹೊಟ್ಟೆಯ ಮೇಲಿನದು ತೊಡೆಯವರೆಗೆ ಇಳಿದಿದೆ. ರಟ್ಟೆಯ ಕೆಳಗೂ ಇದೆ, ತೊಡೆಯ ಒಳಗೂ ಇದೆ. ಬೇಸಿಗೆಯಲ್ಲಿ ಮಡಿಕೆಯ ಸಂದಿನಲ್ಲಿ ಬೆವರು ನಿಂತು, ಉಜ್ಜಿ ಉಜ್ಜಿ ಕೆಂಪಾಗಿ ಹುಣ್ಣಾಗುತ್ತದೆ. ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಎಂದು ತುಂಬ ಜನ ಹೇಳಿದರು. ಆಗುವುದಿಲ್ಲ. ಚರ್ಮದ ಒಳಗೆ ಕೊಲಾಜೆನ್, ಎಲಾಸ್ಟಿನ್ ಎಂಬ ಎಳೆಗಳಿರುತ್ತವೆ. ಅವು ವರ್ಷಗಟ್ಟಲೆ ಹಿಗ್ಗಿ ಕೆಟ್ಟಿದ್ದರೆ ಮತ್ತೆ ಪೂರ್ತಿ ಕುಗ್ಗುವುದಿಲ್ಲ. ವ್ಯಾಯಾಮದಿಂದ ಸ್ನಾಯು ಬೆಳೆಯಬಹುದು, ಹೆಚ್ಚಾದ ಚರ್ಮ ಕಮ್ಮಿಯಾಗದು. ಕತ್ತರಿಸಿ ತೆಗೆದು ಹೊಲಿಯುವುದೇ ದಾರಿ. ಮಾಡಿಸಲೋ ಬೇಡವೋ ಎಂದು ಈಗ ಯೋಚಿಸುತ್ತಿದ್ದೇನೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಇನ್ನೊಂದು ಆಪರೇಷನ್ ಮಾಡಿಸಬೇಕು ಅನ್ಕೊಂಡಿದೀನಿ."

"ಯಾವ್ದವ್ವಾ? ಆವತ್ತೇ ಆಯ್ತಲ್ಲ."

"ಹೊಟ್ಟೆ ಆಪರೇಷನ್" ಅಂದೆ. ಅಂದ ಕೂಡಲೇ ತಪ್ಪಾಯಿತು ಅನ್ನಿಸಿತು. ನಮ್ಮ ಮನೆಯಲ್ಲಿ ಹೊಟ್ಟೆ ಆಪರೇಷನ್ ಅಂದರೆ ಎರಡು ವರ್ಷದ ಹಿಂದಿನದು. ಊರಲ್ಲಿ ಬರೀ "ಆಪರೇಷನ್ ಆಗದೆ" ಅಂದರೆ ಮಕ್ಕಳಾಗದ ಹಾಗೆ ಮಾಡಿಸಿಕೊಂಡದ್ದು. "ಆಪರೇಷನ್ ಆಗಿ ಕೂಸಾಯ್ತು" ಅಂದರೆ ಸಿಸೇರಿಯನ್. ಒಂದೇ ಮಾತು ಇಷ್ಟು ಹೊರೆ ಹೊತ್ತಿದೆ, ಅದರ ಮೇಲೆ ನನ್ನದನ್ನೂ ಹೇರಿದರೆ ಅವ್ವನಿಗೆ ಏನು ಅರ್ಥವಾಗಬೇಕು? ಅವಳು ಹೆದರಿಕೊಂಡಳು. ಮತ್ತೇನೋ ಗಡ್ಡೆ ಬಂದಿರಬೇಕು, ನಾನು ಮುಚ್ಚಿಡುತ್ತಿದ್ದೇನೆ ಅಂದುಕೊಂಡಳು. ಅವತ್ತಿನಿಂದ ಪದ ಹುಡುಕುತ್ತಿದ್ದೇನೆ.

ಮೊದಲು ಆ ಚರ್ಮದ ಹೆಸರು. "ಸುಕ್ಕು" ಒಗ್ಗುವುದಿಲ್ಲ. ಅದು ಮುಪ್ಪಿನದು, ಮುಖದ್ದು, ಸಣ್ಣದು. "ಜೋಲು" ಹತ್ತಿರ ಬರುತ್ತದೆ. ಆದರೆ ಜೋಲು ಮೋರೆ ಎನ್ನುತ್ತೇವೆ, ಅದರಲ್ಲಿ ಮೊದಲಿಂದಲೂ ಒಂದು ಸಪ್ಪೆತನ ಇದೆ. "ಜೋತುಬಿದ್ದ" ಎಂಬುದನ್ನು ಈಗ ಅಧಿಕಾರಕ್ಕೆ ಜೋತುಬಿದ್ದವರು ಎಂದೇ ಜಾಸ್ತಿ ಕೇಳುತ್ತೇವೆ. "ಸಡಿಲ ಚರ್ಮ" ಸರಿ, ತಪ್ಪೇನಿಲ್ಲ, ಆದರೆ ನಟ್ಟು ಬೋಲ್ಟು ಸಡಿಲವಾದ ಹಾಗೆ ಕೇಳುತ್ತದೆ. "ನಿರಿಗೆ" ನನಗೆ ಇಷ್ಟ. ಅದರಲ್ಲಿ ಅವಮಾನ ಇಲ್ಲ. ಆದರೆ ನಿರಿಗೆ ಅಂದರೆ ಬೇಕೆಂದೇ ಹಿಡಿದ ಮಡಿಕೆ. ಇದನ್ನು ಬೇಕೆಂದು ಹಿಡಿದವರು ಯಾರೂ ಇಲ್ಲ.

ಇನ್ನು "ಸೊರಗು". ಊರಿಗೆ ಹೋದಾಗ ಎಲ್ಲರ ಬಾಯಲ್ಲೂ ಇದೇ. "ಯಾಕವ್ವಾ ಹಿಂಗ್ ಸೊರಗೋಗಿದ್ದೀಯ?" 53 ಕಿಲೋ ಇಳಿಸಿದ್ದು ನನ್ನ ಜೀವನದಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಒಂದು. ಅದಕ್ಕೆ ಚಿಂತೆಯ, ಕಾಯಿಲೆಯ ಪದ ಸಿಗುತ್ತದೆ. ಅವರದು ಅಕ್ಕರೆಯೇ, ನನಗೆ ಗೊತ್ತು. ಆದರೂ ನೋಯುತ್ತದೆ. ತಾನೇ ಮನಸ್ಸು ಮಾಡಿ ಸಣ್ಣಗಾದವರಿಗೆ ನಮ್ಮ ಆಡುಮಾತಿನಲ್ಲಿ ಒಳ್ಳೆಯ ಒಂದು ಪದ ಇದೆಯೇ? ಬತ್ತು, ಬಾಡು, ಸೊರಗು, ಬಡಕಲಾಗು. ನೆನಪಿಗೆ ಬಂದದ್ದೆಲ್ಲ ಇಂಥವೇ. "ಇಳಿ" ಒಂದೇ ಸಮಾಧಾನದ್ದು. ತೂಕ ಇಳಿಯಿತು, ಜ್ವರ ಇಳಿಯಿತು, ಭಾರ ಇಳಿಯಿತು.

ಹೋದ ತಿಂಗಳು ಊರಿಗೆ ಹೋದಾಗ ತಲೆ ಬಾಚಿಕೊಳ್ಳಲು ಕೈ ಎತ್ತಿದೆ. ಅವ್ವ ರಟ್ಟೆ ನೋಡಿ, "ಗಂಗೆದೊಗಲು ಆಗೋಗದಲ್ಲವ್ವಾ" ಅಂದಳು. ನನಗೆ ಮೈ ಜುಂ ಎಂದಿತು. ಬೇಜಾರಿನಿಂದಲ್ಲ. ಪದ ಅಷ್ಟು ಚೆನ್ನಾಗಿ ಕೂತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎತ್ತು ಹಸುಗಳ ಕೊರಳ ಕೆಳಗೆ ಇಳಿಬಿದ್ದು ತೂಗುವ ತೊಗಲಿಗೆ ಗಂಗೆದೊಗಲು ಎನ್ನುತ್ತಾರೆ. ನಮ್ಮ ಕಡೆಯ ಹಳ್ಳಿಕಾರ್ ದನಗಳಿಗೆ ಅದು ಅಷ್ಟೇನೂ ದೊಡ್ಡದಲ್ಲ. ಗಂಗೆ ಮತ್ತು ತೊಗಲು ಸೇರಿ, ತಕಾರ ದಕಾರವಾಗಿದೆ. ಬೆಟ್ಟದಾವರೆಯಲ್ಲಿ ಆದ ಹಾಗೆ.

ಇಲ್ಲಿಂದ ನನಗೊಂದು ದಾರಿ ಕಂಡಿತು. ಗಂಗೆದೊಗಲು ಇದ್ದ ಹಾಗೆ "ಇಳಿದೊಗಲು" ಎನ್ನಬಹುದಲ್ವಾ? ಇಳಿಬಿದ್ದ ತೊಗಲು ಎಂಬ ಅರ್ಥವೂ ಬರುತ್ತದೆ, ತೂಕ ಇಳಿದ ಮೇಲೆ ಉಳಿದ ತೊಗಲು ಎಂಬ ಅರ್ಥವೂ ಬರುತ್ತದೆ. ಇಳಿಜಾರು, ಇಳಿಹೊತ್ತು, ಇಳಿವಯಸ್ಸು ಎಲ್ಲ ಇರುವುದರಿಂದ ಕಿವಿಗೆ ಹೊಸದೂ ಅನ್ನಿಸುವುದಿಲ್ಲ. ಒಂದು ಅನುಮಾನ ಇದೆ. ತೊಗಲು ಎಂಬುದು ಅಚ್ಚಕನ್ನಡ ಪದ, ಹಳಗನ್ನಡದಲ್ಲಿ ತೊವಲ್ ಎಂದೂ ಇದೆ. ಆದರೆ ಇವತ್ತು ಮೈಸೂರಿನಂಥ ಊರಿನಲ್ಲಿ ಮನುಷ್ಯರದು ಚರ್ಮ, ದನದ್ದು ತೊಗಲು ಎಂದು ಬೇರೆ ಮಾಡಿಕೊಂಡಿದ್ದೇವೆ. ತೊಗಲುಬೊಂಬೆಯಲ್ಲಿ ಮಾತ್ರ ಅದಕ್ಕೆ ಮರ್ಯಾದೆ ಉಳಿದಿದೆ. ಅವ್ವ ಮನುಷ್ಯರಿಗೂ ತೊಗಲು ಎಂದೇ ಅನ್ನುತ್ತಾಳೆ. ನಿಮ್ಮ ಕಡೆ ಹೇಗೆ?

ಇನ್ನೊಂದು ಪದವೂ ಬಂತು. ಹೊಟ್ಟೆಯಿಂದ ತೊಡೆಯ ಮೇಲೆ ಇಳಿಯುವ ಈ ಚರ್ಮಕ್ಕೆ ಇಂಗ್ಲಿಷಿನ ಡಾಕ್ಟರುಗಳು ಏಪ್ರನ್ ಎನ್ನುತ್ತಾರೆ, ಅಡುಗೆಯವರು ಮುಂದೆ ಕಟ್ಟಿಕೊಳ್ಳುವ ಬಟ್ಟೆ. ವೈದ್ಯರ ಪುಸ್ತಕದಲ್ಲಿ ಅದು ಪ್ಯಾನಸ್. ಲ್ಯಾಟಿನ್‌ನಲ್ಲಿ ಅದೂ ಬಟ್ಟೆಯೇ. ಅದನ್ನು ಮಾತ್ರ ಕತ್ತರಿಸಿ ತೆಗೆಯುವುದು ಪ್ಯಾನಿಕ್ಯುಲೆಕ್ಟಮಿ. ಜೊತೆಗೆ ಒಳಗಿನ ಸ್ನಾಯುವನ್ನೂ ಬಿಗಿ ಮಾಡಿ ಹೊಲಿದರೆ ಅಬ್ಡೊಮಿನೊಪ್ಲಾಸ್ಟಿ. ಹೊಟ್ಟೆಯ ಮುಂದೆ ಇಳಿಬಿಟ್ಟ ಬಟ್ಟೆಗೆ ನಮ್ಮಲ್ಲಿ ಏನಂತಾರೆ? ಮಡಿಲು! ನಮ್ಮೂರ ಹೆಂಗಸರು ಹೊಲದಲ್ಲಿ ಮಡ್ಲು ಕಟ್ಟಿಕೊಂಡು ಸೊಪ್ಪು, ಅವರೆಕಾಯಿ ಕೀಳುವುದನ್ನು ನೋಡಿ ಬೆಳೆದವಳು ನಾನು. ತುಂಬಿದ ಮಡಿಲು ತೊಡೆಯ ಮೇಲೆ ಹೇಗೆ ಇಳಿಬಿದ್ದಿರುತ್ತದೋ ಹಾಗೇ ಇದೆ ನನ್ನದು. ಎಷ್ಟು ಪ್ರೀತಿಯ ಪದ ಅದು!

ಆದರೆ ಒಂದು ಹೆಜ್ಜೆ ಮುಂದೆ ಹೋದಾಗ ಎದೆ ಝಲ್ಲೆಂದಿತು. ಹೆಸರು ಮಡಿಲು ಆದರೆ ಆಪರೇಷನ್‌ಗೆ ಏನನ್ನಬೇಕು? "ಮಡಿಲು ತೆಗೆಸುವುದು." ಮಡಿಲು ತುಂಬುವ, ಮಡಿಲಕ್ಕಿ ಕಟ್ಟುವ ನಾಡಿನಲ್ಲಿ ಆ ಮಾತನ್ನು ಅವ್ವನ ಎದುರು ಹೇಗೆ ಆಡಲಿ? ಹೆಸರು ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಬರುವ ಕ್ರಿಯಾಪದ ಅದನ್ನು ಕೆಡಿಸಿಬಿಡಬಹುದು. ನಾವು ಪದ ಕಟ್ಟುವಾಗ ಇದನ್ನು ಸಾಕಷ್ಟು ಗಮನಿಸುವುದಿಲ್ಲ ಎಂದು ನನ್ನ ಅನಿಸಿಕೆ. ಅದಕ್ಕೇ ಮಡಿಲನ್ನು ಬಿಟ್ಟೆ, ತುಂಬ ಬೇಸರದಿಂದ. ಗಂಡಸರಿಗೂ ಈ ತೊಂದರೆ ಇರುತ್ತದೆ, ಅವರಿಗೆ ಆ ಪದ ಒಗ್ಗುತ್ತಲೂ ಇರಲಿಲ್ಲ.

ಈಗ ಎರಡನೆಯ ಪದ, ಆಪರೇಷನ್‌ನ ಹೆಸರು. ಇಂಗ್ಲಿಷಿನಲ್ಲಿ ಒಟ್ಟಾರೆ ಬಾಡಿ ಕಾಂಟೂರಿಂಗ್, ಅಂದರೆ ಮೈಯ ಹೊರರೂಪವನ್ನು ಸರಿಮಾಡುವುದು. ಕಾಂಟೂರ್ ಎಂಬುದಕ್ಕೆ ನಮ್ಮಲ್ಲಿ ಭೂಗೋಳದ ಪುಸ್ತಕದ ಸಮೋನ್ನತಿ ರೇಖೆ ಇದೆ, ಕೃಷಿ ಇಲಾಖೆಯವರ ಸಮಪಾತಳಿ ಬದು ಇದೆ. ಮಂಡ್ಯದ ರೈತರಿಗೆ ಬದು ಚೆನ್ನಾಗಿ ಗೊತ್ತು, ಆದರೆ ಮೈಗೆ ಬದು ಹಾಕಲಾಗುವುದಿಲ್ಲ.

ನಾನು ತೋರಿಸಿಕೊಂಡ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರದ ಕನ್ನಡ ಪ್ರತಿ ಕೊಟ್ಟರು. ಅದರಲ್ಲಿ "ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ" ಎಂದಿತ್ತು. ನನ್ನ ತಮ್ಮ ಅದನ್ನು ಓದಿ ಸುಮ್ಮನೆ ನನ್ನ ಮುಖ ನೋಡಿದ. ಅವನು ಏನೂ ಅನ್ನಲಿಲ್ಲ. ಆದರೆ ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಂದಿನಲ್ಲಿ ಹುಣ್ಣಾಗಿ ನಡೆಯಲಾಗದವಳು ಚೆಂದ ಕಾಣಲು ಹೊರಟಿದ್ದಾಳೆ ಎಂದು ಆ ಒಂದು ಪದ ಹೇಳುತ್ತಿತ್ತು. ಚೆಂದ ಕಾಣಬೇಕು ಎಂಬುದರಲ್ಲೂ ತಪ್ಪಿಲ್ಲ. ನನಗೂ ಆ ಆಸೆ ಇದೆ. ಅದೊಂದೇ ಕಾರಣ ಎನ್ನುವುದು ತಪ್ಪು.

ಇದು ಬರೀ ಮನಸ್ಸಿನ ಮಾತಲ್ಲ, ದುಡ್ಡಿನ ಮಾತೂ ಹೌದು. ನಮ್ಮ ದೇಶದ ಆರೋಗ್ಯ ವಿಮೆಯ ಕರಾರುಗಳಲ್ಲಿ ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಎಂದು ಬರೆದಿರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಅಂಗ ಸರಿಪಡಿಸುವುದಾದರೆ, ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಬೇಕೇ ಬೇಕು ಎಂದಾದರೆ ಮಾತ್ರ ವಿನಾಯಿತಿ. ಅಂದರೆ ಕಾಗದದಲ್ಲಿ ಬರೆಯುವ ಪದದ ಮೇಲೆ ತುಂಬ ನಿಂತಿದೆ.

"ಪ್ಲಾಸ್ಟಿಕ್ ಸರ್ಜರಿ" ಅಂದರೆ ಒಳಗೆ ಪ್ಲಾಸ್ಟಿಕ್ ಇಡುತ್ತಾರೆ ಎಂದು ಅವ್ವ ನಂಬಿದ್ದಾಳೆ. ಅವಳೊಬ್ಬಳೇ ಅಲ್ಲ, ನಮ್ಮ ಆಫೀಸಿನಲ್ಲೂ ಇಬ್ಬರು ಹಾಗೆ ಕೇಳಿದರು. ಆ ಪದ ಗ್ರೀಕಿನದು. ಮಣ್ಣನ್ನು ಮೆತ್ತಿ ರೂಪ ಕೊಡುವುದು ಎಂದು ಅರ್ಥ. ಜರ್ಮನಿಯ ಎಡ್ವರ್ಡ್ ಝೈಸ್ 1838ರಲ್ಲೇ ತಮ್ಮ ಪುಸ್ತಕದ ಹೆಸರಿನಲ್ಲಿ ಅದನ್ನು ಬಳಸಿದ್ದರು. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಬಂದದ್ದು 1907ರಲ್ಲಿ. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಸೀಮೆಯ ನೆರಳೂ ಇದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿಯವನೊಬ್ಬ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ಕಾವಸ್ಜಿ ಎಂದು ಅವನ ಹೆಸರು. ಆಮೇಲೆ ಪುಣೆಯ ಹತ್ತಿರ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಮಾಡಿದರು. ಮಾಡಿದವನು ಇಟ್ಟಿಗೆ ಮಾಡುವ ಕುಲದವನು ಎಂದು 1794ರ ಅಕ್ಟೋಬರ್‌ನಲ್ಲಿ ಲಂಡನ್‌ನ ಪತ್ರಿಕೆಯೊಂದು ಬರೆಯಿತು. ಅದನ್ನು ಓದಿಯೇ ಅಲ್ಲಿನ ವೈದ್ಯ ಜೋಸೆಫ್ ಕಾರ್ಪ್ಯೂ ಈ ಕೆಲಸ ಕಲಿತು 1814ರಲ್ಲಿ ಮಾಡಿದರು. ಮಣ್ಣು ಮೆತ್ತುವವನ ಕೈಯಲ್ಲಿ ಆದ ಕೆಲಸಕ್ಕೆ ಮಣ್ಣು ಮೆತ್ತುವ ಹೆಸರೇ ಬಂತು. ಇದನ್ನು ಅವ್ವನಿಗೆ ಹೇಳಿದಾಗ ಅವಳ ಭಯ ಅರ್ಧ ಇಳಿಯಿತು.

ನನಗೆ ಜಾಸ್ತಿ ನೆರವಾದದ್ದು ಮಾತ್ರ ನಮ್ಮ ಬೀದಿಯ ಟೈಲರ್. ನನ್ನ ಹಳೆಯ ಬ್ಲೌಸುಗಳನ್ನೆಲ್ಲ ಅವರೇ ಸಣ್ಣ ಮಾಡಿಕೊಟ್ಟದ್ದು. ಅವರ ಮಾತು "ಹಿಡಿಸೋದು". "ಇಲ್ಲಿ ಎರಡಿಂಚು ಹಿಡಿಸ್ತೀನಿ, ಕಂಕುಳ ಹತ್ರ ಒಂದಿಂಚು ಹಿಡಿಸ್ತೀನಿ." ಡಾಕ್ಟರು ನನ್ನ ಹೊಟ್ಟೆಯ ಮೇಲೆ ಗೆರೆ ಎಳೆದು ತೋರಿಸುವಾಗಲೂ ಚಿಟಿಕೆಯಲ್ಲಿ ಹಿಡಿದೇ ನೋಡಿದರು. ಹೆಚ್ಚಾದದ್ದು ತೆಗೆಯುವುದು, ಉಳಿದದ್ದನ್ನು ಎಳೆದು ಕೂಡಿಸುವುದು, ಹೊಲಿಯುವುದು. "ತೊಗಲು ಹಿಡಿಸುವ ಆಪರೇಷನ್" ಎಂದರೆ ಅವ್ವನಿಗೆ ಎರಡನೇ ಮಾತು ಬೇಕಾಗಲಿಲ್ಲ. ಬರಹಕ್ಕೆ ಅದು ಸಾಲದು ಎನ್ನುವುದಾದರೆ "ಮೈಕಟ್ಟು ಸರಿಪಡಿಸುವ ಶಸ್ತ್ರಚಿಕಿತ್ಸೆ" ಆಗಬಹುದೇ? ಮೈಕಟ್ಟು ನಮ್ಮಲ್ಲಿ ಇರುವ ಪದವೇ. "ತಿದ್ದುವ" ಎಂದೂ ಯೋಚಿಸಿದೆ. ತಪ್ಪಿದ್ದರೆ ತಾನೇ ತಿದ್ದುವುದು? ನನ್ನ ಮೈ ತಪ್ಪು ಮಾಡಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಪದ ಹಗುರವಾಗಿದ್ದರೆ ಕೆಲಸವೂ ಹಗುರ ಅಂದುಕೊಂಡುಬಿಡುತ್ತಾರೆ. ಇದು ಬ್ಲೌಸಲ್ಲ. ಗಾಯದ ಗೆರೆ ಹೊಟ್ಟೆಯ ಕೆಳಗೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಬರುತ್ತದೆ, ಜೀವಮಾನ ಇರುತ್ತದೆ. ಸುತ್ತಲೂ ಮಾಡುವ ಬಗೆಯೊಂದಿದೆ. ಅದಕ್ಕೆ ಡಾಕ್ಟರು ಬೆಲ್ಟ್ ಎಂದರು. ನನಗೆ ಉಡಿದಾರ ನೆನಪಾಯಿತು. ಗೆರೆ ಹೆಚ್ಚು ಕಡಿಮೆ ಉಡಿದಾರ ಕೂರುವ ಜಾಗದಲ್ಲೇ ಬರುತ್ತದೆ. "ಉಡಿದಾರದ ಗೆರೆ" ಎಂದರೆ ಯಾವ ಹಳ್ಳಿಯವರಿಗೂ ಚಿತ್ರ ಬಿಡಿಸಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟುವ, ಒಳಗೆ ನೀರು ತುಂಬುವ, ಗಾಯ ಬಿಚ್ಚಿಕೊಳ್ಳುವ ಅಪಾಯಗಳಿವೆ. ಬೀಡಿ ಸಿಗರೇಟು ಸೇದುವವರು ವಾರಗಳ ಮುಂಚೆಯೇ ಬಿಡಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಮಾಯದೆ ಹೋಗಬಹುದು. ಜಠರದ ಆಪರೇಷನ್ ಆಗಿ 12ರಿಂದ 18 ತಿಂಗಳು ಕಾಯಿರಿ, ತೂಕ ಕೆಲವು ತಿಂಗಳು ಒಂದೇ ಕಡೆ ನಿಲ್ಲಲಿ ಎನ್ನುತ್ತಾರೆ. ನನ್ನದು ನಿಂತಿದೆ. ಆದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಮ್ಮಿ ಇದೆ, ಪ್ರೋಟೀನೂ ಸಾಲದು. ಅದು ಸರಿಯಾಗುವವರೆಗೆ ಕೈ ಹಾಕುವುದಿಲ್ಲ ಎಂದಿದ್ದಾರೆ. ಅಲ್ಲಿಯವರೆಗೆ ನನಗೂ ಯೋಚಿಸಲು ಸಮಯ.

ನಿಮ್ಮಲ್ಲಿ ಕೇಳುವುದು ಇಷ್ಟು. ಇಳಿದೊಗಲು ಎಂಬುದು ನಿಮ್ಮ ಕಿವಿಗೆ ಹೇಗಿದೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೆರಿಗೆಯಾದ ಮೇಲೆ ಇಳಿಬೀಳುವ ಹೊಟ್ಟೆಗೆ ಏನಂತೀರಿ? ಅಲ್ಲಿ ಯಾವುದಾದರೂ ಹಳೆಯ ಪದ ಅಡಗಿರಬಹುದು ಎಂದು ನನ್ನ ಗುಮಾನಿ. ಸೂಲಗಿತ್ತಿಯರ ಬಾಯಲ್ಲಿ ಕೇಳಿದವರು ಇದ್ದರೆ ದಯವಿಟ್ಟು ಬರೆಯಿರಿ. ನಿಮ್ಮಲ್ಲಿ ಡಾಕ್ಟರು, ನರ್ಸು ಯಾರಾದರೂ ಇದ್ದರೆ, ಒಪ್ಪಿಗೆ ಪತ್ರದಲ್ಲಿ ಸೌಂದರ್ಯವರ್ಧಕ ಎಂಬುದರ ಜಾಗಕ್ಕೆ ಏನು ಬರೆದರೆ ನಿಮಗೂ ಸರಿ, ರೋಗಿಗೂ ಸರಿ ಎಂದು ತಿಳಿಸಿ. ಆಸ್ಪತ್ರೆಯವರಿಗೆ ಹೇಳಿ ನೋಡುತ್ತೇನೆ.

ದಸರಾ ಕಳೆದ ಮೇಲೆ ಅವ್ವ ಮೈಸೂರಿಗೆ ಬಂದು ಒಂದು ತಿಂಗಳು ಇರುತ್ತೇನೆ ಎಂದಿದ್ದಾಳೆ. ಡಾಕ್ಟರ ಹತ್ತಿರ ಜೊತೆಗೆ ಬರುತ್ತಾಳಂತೆ, ಅವಳೇ ಮಾತಾಡುತ್ತಾಳಂತೆ. ಅಷ್ಟರೊಳಗೆ ಉತ್ತರ ಬಂದರೆ ಒಳ್ಳೆಯದು.