ಒಳಚರಂಡಿ ಚೇಂಬರ್ ಮತ್ತೆ ಉಕ್ಕಿದೆ, ಈ ಸಲ ಪಾಲಿಕೆ ಓಟು ಯಾರಿಗೆ?

ಮನೆ 14, ಬೆಳಗ್ಗೆ 5:52
ರಾತ್ರಿ ಇಡೀ ಗಲೀಜು ನೀರು ಅಡುಗೆಮನೆ ತನಕ. ಸಾಕಾಯ್ತು! ಓಟು ಕೇಳೋಕೆ ಬಂದ ಮೂವರನ್ನೂ ಇದೇ ನೀರಲ್ಲಿ ನಿಲ್ಲಿಸಿ ಮಾತಾಡಿಸ್ತೀನಿ.

ಮನೆ 31
ಹಳೇ ಕಾರ್ಪೊರೇಟರ್ ಮಾಡಿದ ಕರ್ಮ ಇದು. ರಸ್ತೆ ಎತ್ತರಿಸಿದ್ದೇ ಅವರು. ಮತ್ತೆ ಅವರಿಗೇ ಹಾಕ್ತೀರಾ? ಹಾಕಿ, ಹಾಕಿ.

ಮನೆ 8
ಅಂಕಲ್, ಆ ಬೆಂಗಳೂರು ಪಾಲಿಕೆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗೀತು. ರಸ್ತೆ ಎತ್ತರ ಮಾಡಿದ್ದು ಆಮೇಲೆ.

ಮನೆ 31
ನೀವು ಅವರ ಕಡೆಯವರು ಅಂತ ಎಲ್ಲರಿಗೂ ಗೊತ್ತು.

ಮನೆ 5
🌹 ಶುಭ ಗುರುವಾರ. ತಾಳ್ಮೆಯೇ ಸಂಪತ್ತು 🌹

ಮನೆ 22
ಒಳಚರಂಡಿ (ಯುಜಿಡಿ) ಜಲಮಂಡಳಿಯದು, ದೂರು 1916ಕ್ಕೆ. ಮಳೆನೀರಿನ ಮೋರಿ ಪಾಲಿಕೆಯದು. ‘ಯುಜಿಡಿ ನಾನೇ ಹೊಸದಾಗಿ ಹಾಕಿಸ್ತೀನಿ’ ಅನ್ನೋ ಅಭ್ಯರ್ಥಿಗೆ ಅದು ಯಾರ ಕೈಲಿದೆ ಅನ್ನೋದೇ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಹೇಳ್ತಿದ್ದಾರೆ. ನನಗೆ ಎರಡನೇದೇ ಅನುಮಾನ.

ಕೇಳಬೇಕಾದ್ದು ಇಷ್ಟೇ: ಮಳೆಗಾಲಕ್ಕೆ ಮುಂಚೆ ಮೋರಿ ಹೂಳು ತೆಗೆಸ್ತೀರಾ? ತೆಗೆದ ಹೂಳನ್ನ ದಡದಲ್ಲೇ ಬಿಟ್ಟರೆ ಮೊದಲ ಮಳೆಗೇ ವಾಪಸ್ ಒಳಗೆ ಹೋಗುತ್ತೆ, ಅದಕ್ಕೆ ಲಾರಿ ಎಲ್ಲಿ? ವಾರ್ಡ್ ಸಮಿತಿ ಸಭೆ ಪ್ರತಿ ತಿಂಗಳು ನಡೆಸ್ತೀರಾ? ಬಿಲ್ ಪಾಸಾಗೋ ಮುಂಚೆ ಕೆಲಸದ ಪಟ್ಟಿ ನಮಗೆ ತೋರಿಸ್ತೀರಾ? ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ಕೇಸು, ಆಸ್ತಿ, ಸಾಲ ಓದಿ. ಮನೆಯವರು ಪಾಲಿಕೆ ಗುತ್ತಿಗೆ ಮಾಡ್ತಾರಾ ಅಂತ ಬೇರೆ ವಿಚಾರಿಸಿ.

ಮನೆ 17
ವಾರ್ಡ್ ಮಹಿಳಾ ಮೀಸಲಾದ್ರೆ ಪ್ರಶ್ನೆ ಅಭ್ಯರ್ಥಿಗೇ ಕೇಳಿ, ಅವರ ಯಜಮಾನರಿಗಲ್ಲ.

ಮನೆ 31
ಇಂಜಿನಿಯರ್ ಪಕ್ಷೇತರ ಒಬ್ಬರು ನಿಂತಿದ್ದಾರಲ್ಲ, ಅವರಿಗೆ ಹಾಕಿ, ಮುಗೀತು.

ಮನೆ 8
ಓದಿದ್ದಾರೆ, ಸರಿ. ಕೌನ್ಸಿಲ್‌ನಲ್ಲಿ ಒಬ್ಬರೇ ಕೂತು ಅನುದಾನ ಹೇಗೆ ತರ್ತಾರೆ, ಅದನ್ನೂ ಕೇಳಿ.

ಮನೆ 22
ಊರಲ್ಲಿ ಈಗ ಒಟ್ಟು 369 ವಾರ್ಡ್, ಮೊದಲು 198 ಇತ್ತು, ಗಡಿ ಬದಲಾಗಿದೆ. ನಮ್ಮ ರಸ್ತೆಯ ಎರಡು ಬದಿ ಒಂದೇ ವಾರ್ಡಾ? ಮೊದಲು ಮತದಾರರ ಪಟ್ಟಿ ನೋಡ್ಕೊಳ್ಳಿ, ಎಪಿಕ್ (ಓಟರ್ ಐಡಿ) ಇದ್ದ ಮಾತ್ರಕ್ಕೆ ಹೆಸರು ಇರುತ್ತೆ ಅಂತಿಲ್ಲ.

ಇನ್ನೊಂದು, ಬೇಜಾರಾಗ್ಬೇಡಿ. ಮಳೆ ಬಂದಾಗ ಮಾತ್ರ ಚೇಂಬರ್ ಉಕ್ಕಿದ್ರೆ ಯಾರೋ ಟೆರೇಸ್ ಮಳೆನೀರಿನ ಪೈಪನ್ನ ಯುಜಿಡಿಗೆ ಕೊಟ್ಟಿರೋ ಸಾಧ್ಯತೆ ಹೆಚ್ಚು. ಆ ಪೈಪು ಮನೆ ಕೊಳಚೆಗೆ ಅಳತೆ ಮಾಡಿ ಹಾಕಿದ್ದು, ಮಳೆ ಹೊರೆ ತಡೆಯಲ್ಲ; ತಗ್ಗಿನ ಮನೆಯಲ್ಲಿ ಉಕ್ಕುತ್ತೆ. ಟೆರೇಸ್ ಮೇಲೆ ಬಣ್ಣ ಕಲಸಿದ ಒಂದು ಬಕೆಟ್ ನೀರು ಸುರೀರಿ, ಚೇಂಬರ್‌ನಲ್ಲಿ ಬಣ್ಣ ಕಂಡ್ರೆ ಸಿಕ್ಕಿಬಿದ್ರಿ. ಪೈಪನ್ನ ಇಂಗುಗುಂಡಿಗೆ ತಿರುಗಿಸಿ. 14ರವರು ತಕ್ಷಣಕ್ಕೆ, ಕೊಳಚೆ ಮನೆಯೊಳಗೆ ವಾಪಸ್ ಬರದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಹಾಕಿಸ್ಕೊಳ್ಳಿ.

ಮನೆ 31
ನನ್ನ ಪೈಪ್ ಬಗ್ಗೆ ಹೇಳ್ತಿದ್ದೀರಾ?

ಮನೆ 3
ಬಣ್ಣ ಹೋಳಿದಾ, ಪಕ್ಷದ್ದಾ? 😂

ಮನೆ 17
ಭಾನುವಾರ ಪಾರ್ಕ್‌ಗೆ ಎಲ್ಲ ಅಭ್ಯರ್ಥಿಗಳನ್ನೂ ಕರೆಯೋಣ. ತಲಾ ಹತ್ತು ನಿಮಿಷ, ಹಾರ ಬೇಡ.

ಖಜಾಂಚಿ
ಕುರ್ಚಿ? ಗಣೇಶನ ಪೆಂಡಾಲ್‌ಗೆ ತಂದ ಸಂಘದ ಕುರ್ಚಿಗಳು ಇನ್ನೂ ವಾಪಸ್ ಬಂದಿಲ್ಲ.

ಮನೆ 8
ಎಂಟು ಕುರ್ಚಿ 31ನೇ ಮನೆ ಕಾರ್ ಶೆಡ್‌ನಲ್ಲಿವೆ.

ಮನೆ 31
ಯಾರು ಹೇಳಿದ್ದು?! ಆರು ಮಾತ್ರ.