ಮರಿಗಳಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು?

ಪ್ರಶ್ನೆ: ಹ್ಯಾಚರಿಯಿಂದ 12 ಕೋಳಿಮರಿ ತಂದು 5 ದಿನ ಆಯಿತು. ಗಂಡು, ಹೆಣ್ಣು ಬೇರೆ ಮಾಡದೇ ಕೊಟ್ಟಿದ್ದಾರೆ. ನಮಗೆ ಬೇಕಿರುವುದು ಮೊಟ್ಟೆ. ರೆಕ್ಕೆ ಬಿಡಿಸಿ ನೋಡಿದರೆ ಗೊತ್ತಾಗುತ್ತದಂತೆ, ಹೌದಾ? ಸಾಕಿದವರು ಹೇಳಿ.

— ನಾನೂ ರೆಕ್ಕೆ ನಂಬಿ ಕೆಟ್ಟವನೇ. ಬಿಡಿಸಿದರೆ ಅಂಚಿನಲ್ಲಿ ಎರಡು ಸಾಲು ಎಳೆ ಪುಕ್ಕ ಕಾಣುತ್ತವೆ. ಕೆಳಗಿನ ಸಾಲು ಉದ್ದ, ಮೇಲಿನದು ಗಿಡ್ಡ ಇದ್ದರೆ ಹೆಣ್ಣು. ಎರಡೂ ಸಮ ಇದ್ದರೆ ಗಂಡು. ಹಾಗೆ ನೋಡಿ 8 ಮರಿಗಳ ಕಾಲಿಗೆ ಹೆಣ್ಣು ಅಂತ ಕೆಂಪು ದಾರ ಕಟ್ಟಿದೆ. ಅದರಲ್ಲಿ 4 ಮುಂದೆ ಕೂಗಿದವು! ತಾಯಿಗೆ ತಡವಾಗಿ, ತಂದೆಗೆ ಬೇಗ ಪುಕ್ಕ ಬರುವ ಗುಣ ಇರುವಂತೆ ಜೋಡಿ ಮಾಡಿದ ತಳಿಯಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ. ಅದೂ ಮೊದಲ ಒಂದೆರಡು ದಿನ ಅಷ್ಟೇ. ಆಮೇಲೆ ಗಂಡಿನ ಪುಕ್ಕವೂ ಉದ್ದ ಆಗಿಬಿಡುತ್ತದೆ. ನಿಮ್ಮದು ಆಗಲೇ ತಡವಾಯಿತು.

— ಮೊದಲು ತಳಿ ಯಾವುದು ಅಂತ ಕೇಳಿ. ಕಂದು ಮೊಟ್ಟೆ ಇಡುವ ಎಷ್ಟೋ ಮಿಶ್ರ ತಳಿಗಳಲ್ಲಿ ಗಂಡು ಮರಿ ತಿಳಿ ಹಳದಿ, ಹೆಣ್ಣು ಕಂದು. ಕಣ್ಣು ಮುಚ್ಚಿ ಹೇಳಬಹುದು. ಪಟ್ಟೆ ಪುಕ್ಕದ ಪ್ಲಿಮತ್ ರಾಕ್ ಆದರೆ ಕಪ್ಪು ಮರಿಯ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುತ್ತದೆ. ಗಂಡಿಗೆ ದೊಡ್ಡದು, ಹರಡಿಕೊಂಡಿರುತ್ತದೆ. ಹೆಣ್ಣಿಗೆ ಚಿಕ್ಕದು.

— ನಮ್ಮ ಅತ್ತೆ ಮರಿಯ ಮೇಲೆ ಸೂಜಿ ದಾರ ತೂಗಿಬಿಟ್ಟು ಹೇಳುತ್ತಿದ್ದರು. ಅರ್ಧ ಸರಿ ಬರುತ್ತಿತ್ತು. ಅರ್ಧ ಹೇಗಿದ್ದರೂ ಬರಲೇಬೇಕು, ಅಲ್ವಾ?

— ಯಾರು ಏನೇ ಹೇಳಲಿ, ಹಿಂಭಾಗ ಒತ್ತಿ ನೋಡಲು ಮಾತ್ರ ಹೋಗಬೇಡಿ. ಜಪಾನಿನಲ್ಲಿ ಶುರುವಾದ ವಿದ್ಯೆ ಅದು. ಕಲಿತವರು ಮೊಟ್ಟೆಯೊಡೆದ ದಿನವೇ ನೋಡಿ ಹೇಳುತ್ತಾರೆ. ಗಂಡಿನ ಗುರುತು ಅಂತ ಅವರು ಅಲ್ಲಿ ಹುಡುಕುವ ಗುಳ್ಳೆ ಗುಂಡುಸೂಜಿಯ ತಲೆಯಷ್ಟು. ಕೆಲವು ಹೆಣ್ಣು ಮರಿಗಳಲ್ಲೂ ಅಂಥದ್ದೇ ಕಾಣುತ್ತದೆ. ಸ್ವಲ್ಪ ಜಾಸ್ತಿ ಒತ್ತಿದರೆ ಒಳಗೆ ಪೆಟ್ಟು ಬಿದ್ದು ಮರಿ ಸಾಯುತ್ತದೆ. ನನ್ನ ಅಂಗೈಯಲ್ಲೇ ಒಂದು ಹಾಗೆ ಹೋಯಿತು. ಇನ್ನೂ ಬೆಚ್ಚಗಿತ್ತು.

— ಸುಮ್ನೆ ಕಾಯಿರಿ. 5–6 ವಾರಕ್ಕೆ ಜುಟ್ಟು ನೋಡಿ. ಗಂಡಿನದು ದಪ್ಪಗಾಗಿ ಕೆಂಪೇರುತ್ತದೆ, ಅದೇ ವಯಸ್ಸಿನ ಹೆಣ್ಣಿನದು ಇನ್ನೂ ಚಿಕ್ಕದು, ಮಂಕು. ಒಂದೇ ತಳಿಯ ಮರಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ, ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಜಗಳಕ್ಕೆ ನಿಲ್ಲುವುದೆಲ್ಲ ಹುಂಜ ಅಂದುಕೊಳ್ಳಬೇಡಿ, ನಮ್ಮನೆಯ ಅತಿ ಜಗಳಗಂಟಿ ಈಗ ಮೊಟ್ಟೆ ಇಡುತ್ತಿದೆ. ಆಗಲೂ ಅನುಮಾನ ಇದ್ದರೆ ಮೂರು ತಿಂಗಳ ಹೊತ್ತಿಗೆ ಬಾಲದ ಬುಡದ ಪುಕ್ಕ ನೋಡಿ. ಚೂಪಾಗಿ, ಹೊಳೆಯುತ್ತಾ ಇಳಿದಿದ್ದರೆ ಹುಂಜ. ತುದಿ ದುಂಡಗಿದ್ದರೆ ಹ್ಯಾಟೆ.

ಪ್ರಶ್ನೆ ಕೇಳಿದವರು: ಹ್ಯಾಚರಿಯಲ್ಲಿ ವಿಚಾರಿಸಿದೆ. ರೆಕ್ಕೆ, ಬಣ್ಣ ಎರಡರಲ್ಲೂ ಗೊತ್ತಾಗದ ತಳಿಯಂತೆ. ಜುಟ್ಟಿಗೇ ಕಾಯುತ್ತೇವೆ. ಮಗಳು ಮಾತ್ರ 3 ಮರಿಗೆ ಆಗಲೇ ಹೆಸರಿಟ್ಟಿದ್ದಾಳೆ, ಮೂರೂ ಹೆಣ್ಣಿನ ಹೆಸರು.